ರಾಬೆನ್ ದ್ವೀಪದ ಜೈಲಿನಲ್ಲಿ ನಾಟಕ: ಪದೇ ಪದೇ ಕೇಳುವ ಪ್ರಶ್ನೆಗಳು

ದಕ್ಷಿಣ ಆಫ್ರಿಕಾದ ಒಂದು ಜೈಲಿನಲ್ಲಿ ಕೈದಿಗಳು ಸುಮಾರು 2,400 ವರ್ಷ ಹಳೆಯ 'ಅಂತಿಗೊನೆ' ಎಂಬ ಗ್ರೀಕ್ ನಾಟಕ ಆಡಿದರು ಅಂತ ಹೇಳಿದ ಕೂಡಲೇ ಜನ ಒಂದರ ಹಿಂದೆ ಒಂದು ಪ್ರಶ್ನೆ ಕೇಳುತ್ತಾರೆ. ಹೆಚ್ಚುಕಡಿಮೆ ಅವೇ ಪ್ರಶ್ನೆಗಳು. ಅದಕ್ಕೇ ಎಲ್ಲವನ್ನೂ ಒಂದೇ ಕಡೆ ಬರೆದಿಟ್ಟಿದ್ದೇನೆ. ಕೆಲವಕ್ಕೆ ಉತ್ತರ ಉದ್ದ, ಕೆಲವಕ್ಕೆ ನಾಲ್ಕೇ ಸಾಲು. ಒಂದು ಮಾತು ಮಾತ್ರ ಮೊದಲೇ ಹೇಳಿಬಿಡುತ್ತೇನೆ. ಇದು ಸುಮ್ನೆ ಹೊತ್ತು ಕಳೆಯಲು ಆಡಿದ ನಾಟಕ ಅಲ್ಲ. ಸತ್ತವರನ್ನು ಮಣ್ಣು ಮಾಡುವ ಹಕ್ಕಿನ ಬಗ್ಗೆ ಇರುವ ನಾಟಕವನ್ನು, ಆ ಹಕ್ಕು ಕಳೆದುಕೊಂಡವರೇ ಆಡಿದರು.

ರಾಬೆನ್ ದ್ವೀಪ ಎಲ್ಲಿದೆ?

ಕೇಪ್‌ಟೌನ್ ಬಂದರಿನಿಂದ ಸುಮಾರು 11 ಕಿಲೋಮೀಟರ್ ದೂರ, ಸಮುದ್ರದ ನಡುವೆ. ಚಿಕ್ಕದು, ಚಪ್ಪಟೆ. ಅಲ್ಲಿ ನಿಂತರೆ ಕೇಪ್‌ಟೌನಿನ ಟೇಬಲ್ ಮೌಂಟನ್ ಬೆಟ್ಟ ಎದುರಿಗೇ ಕಾಣುತ್ತದೆ, ಆದರೆ ನಡುವಿನ ನೀರು ಕೊರೆಯುವಷ್ಟು ತಣ್ಣಗೆ. ಊರಿಗೆ ಬೇಡವಾದವರನ್ನು ತಂದು ಬಿಡಲು ಈ ದ್ವೀಪವನ್ನು ಡಚ್ಚರ ಕಾಲದಿಂದಲೂ ಬಳಸುತ್ತಿದ್ದರು. 1846ರಿಂದ 1931ರವರೆಗೆ ಅಲ್ಲಿ ಕುಷ್ಠರೋಗಿಗಳನ್ನು ಇಡುತ್ತಿದ್ದರು. ಎರಡನೇ ಮಹಾಯುದ್ಧದ ಹೊತ್ತಿಗೆ ಸೇನೆಯ ನೆಲೆಯಾಯಿತು. 1961ರಿಂದ ಬಿಗಿ ಕಾವಲಿನ ಜೈಲು. ಕೊನೆಯ ರಾಜಕೀಯ ಕೈದಿಗಳು ಅಲ್ಲಿಂದ ಹೊರಬಂದದ್ದು 1991ರಲ್ಲಿ. ಈಗ ಅದು ಮ್ಯೂಸಿಯಂ, 1999ರಿಂದ ವಿಶ್ವ ಪರಂಪರೆಯ ತಾಣ.

ಇವರು ರಾಜಕೀಯ ಕೈದಿಗಳಲ್ವಾ? ಯುದ್ಧಕೈದಿಗಳು ಅಂತ ಯಾಕೆ ಹೇಳುತ್ತಾರೆ?

ಒಳ್ಳೆಯ ಪ್ರಶ್ನೆ. ಬಿಳಿಯರೇ ನಡೆಸುತ್ತಿದ್ದ ಆಗಿನ ದಕ್ಷಿಣ ಆಫ್ರಿಕಾದ ವರ್ಣಭೇದ ಸರ್ಕಾರದ ಲೆಕ್ಕದಲ್ಲಿ ಅವರು ಎರಡೂ ಅಲ್ಲ. ಬರೀ ಅಪರಾಧಿಗಳು, ವಿಧ್ವಂಸಕರು.

ಕೈದಿಗಳ ಲೆಕ್ಕವೇ ಬೇರೆ. 1961ರ ಡಿಸೆಂಬರ್ 16ರಂದು ಉಮ್‌ಖೊಂಟೊ ವೆ ಸಿಜ್ವೆ ಅನ್ನುವ ಸಶಸ್ತ್ರ ಪಡೆ ಹುಟ್ಟಿತು. ಮಂಡೇಲಾ ಅದನ್ನು ಕಟ್ಟಿದವರಲ್ಲಿ ಒಬ್ಬರು. ಅದಕ್ಕೂ ಮೊದಲು ದಶಕಗಟ್ಟಲೆ ಮನವಿ, ಮೆರವಣಿಗೆ, ಸತ್ಯಾಗ್ರಹ ಎಲ್ಲಾ ಆಗಿತ್ತು. ಪಕ್ಕದ ನಮೀಬಿಯಾವನ್ನೂ ದಕ್ಷಿಣ ಆಫ್ರಿಕಾವೇ ಆಳುತ್ತಿತ್ತು, ಅಲ್ಲಿನ ಸ್ವಾಪೊ ಸಂಘಟನೆ 1966ರಲ್ಲಿ ಆಯುಧ ಹಿಡಿಯಿತು. ಅದರ ನಾಯಕರಲ್ಲಿ ಒಬ್ಬರಾದ ಟೊಯಿವೊ ಯಾ ಟೊಯಿವೊ 1968ರಲ್ಲಿ ಕೋರ್ಟಿನಲ್ಲಿ ನಿಂತು, ನಾವು ನಮೀಬಿಯಾದವರು, ನಮ್ಮನ್ನು ಆಳುವ ಹಕ್ಕು ನಿಮಗಿಲ್ಲ ಎಂದು ನೇರವಾಗಿ ಹೇಳಿದರು. ಅವರಿಗೆ 20 ವರ್ಷ ಶಿಕ್ಷೆ ಆಯಿತು. ಅವರನ್ನೂ ಇದೇ ದ್ವೀಪಕ್ಕೆ ತಂದರು.

1977ರಲ್ಲಿ ಜಿನೀವಾ ಒಪ್ಪಂದಗಳಿಗೆ ಒಂದು ಹೊಸ ಭಾಗ ಸೇರಿತು. ವಸಾಹತುಶಾಹಿ ಮತ್ತು ಜನಾಂಗಭೇದದ ಸರ್ಕಾರಗಳ ವಿರುದ್ಧ ಹೋರಾಡುವವರು ಸೆರೆ ಸಿಕ್ಕರೆ ಅವರನ್ನೂ ಯುದ್ಧಕೈದಿಗಳಂತೆ ನಡೆಸಿಕೊಳ್ಳಬೇಕು ಅನ್ನುವುದು ಅದರ ಸಾರ. 1980ರ ನವೆಂಬರಿನಲ್ಲಿ ಮಂಡೇಲಾ ಅವರ ಸಂಘಟನೆಯಾದ ಆಫ್ರಿಕನ್ ನ್ಯಾಷನಲ್ ಕಾಂಗ್ರೆಸ್ ಪರವಾಗಿ ಅದರ ನಾಯಕ ಆಲಿವರ್ ಟಾಂಬೊ ಜಿನೀವಾಕ್ಕೆ ಹೋಗಿ, ನಾವು ಈ ನಿಯಮಗಳನ್ನು ಪಾಲಿಸುತ್ತೇವೆ ಎಂದು ಸಹಿ ಹಾಕಿದರು. ಆ ಮೇಲೆ ಸಿಕ್ಕಿಬಿದ್ದ ಹೋರಾಟಗಾರರು ನಾವು ಯುದ್ಧಕೈದಿಗಳು ಎಂದು ವಾದಿಸಿದರೂ ದಕ್ಷಿಣ ಆಫ್ರಿಕಾ ಸರ್ಕಾರ ಒಪ್ಪಲಿಲ್ಲ. ಕಾನೂನಿನ ಕಾಗದದಲ್ಲಿ ಅವರಿಗೆ ಆ ಸ್ಥಾನ ಸಿಗಲಿಲ್ಲ ಅನ್ನುವುದು ನಿಜ. ನನ್ನ ಮಟ್ಟಿಗೆ, ತಮ್ಮ ನೆಲದಲ್ಲಿ ತಮ್ಮ ಮೇಲೆಯೇ ನಡೆದ ಯುದ್ಧದಲ್ಲಿ ಸೆರೆ ಸಿಕ್ಕವರು ಅವರು.

ಎಲ್ಲರೂ ಕೈದಿಗಳೇ ಅಂದಮೇಲೆ ಜೈಲಿನೊಳಗೆ ಇನ್ನೆಂಥ ಬಣ್ಣದ ಭೇದ?

ಇತ್ತು. ಊಟದ ತಟ್ಟೆಯಲ್ಲಿ, ಹಾಕುವ ಬಟ್ಟೆಯಲ್ಲಿ, ಎಲ್ಲಾ ಕಡೆ.

ಮೊದಲಿಗೆ, ಆ ದ್ವೀಪದಲ್ಲಿ ಬಿಳಿಯ ರಾಜಕೀಯ ಕೈದಿಗಳೇ ಇರಲಿಲ್ಲ. 1964ರ ಜೂನ್ 12ರಂದು ರಿವೋನಿಯಾ ಮೊಕದ್ದಮೆ ಅನ್ನುವ ವಿಧ್ವಂಸಕ ಕೃತ್ಯಗಳ ಮೊಕದ್ದಮೆಯಲ್ಲಿ ಮಂಡೇಲಾ ಸೇರಿ ಎಂಟು ಜನರಿಗೆ ಜೀವಾವಧಿ ಶಿಕ್ಷೆಯಾಯಿತು. ಅದೇ ಕಟಕಟೆ, ಅದೇ ಆರೋಪ, ಅದೇ ಶಿಕ್ಷೆ. ಏಳು ಜನರನ್ನು ವಿಮಾನದಲ್ಲಿ ರಾಬೆನ್ ದ್ವೀಪಕ್ಕೆ ಕರೆದೊಯ್ದರು. ಎಂಟನೆಯವರು ಡೆನಿಸ್ ಗೋಲ್ಡ್‌ಬರ್ಗ್, ಬಿಳಿಯರು. ಅವರನ್ನು ಮಾತ್ರ ಪ್ರಿಟೋರಿಯಾದ ಬಿಳಿಯರ ಜೈಲಿನಲ್ಲಿ ಬೇರೆ ಇಟ್ಟರು. 22 ವರ್ಷ. ಇತ್ತ ದ್ವೀಪದಲ್ಲಿ ಕಾವಲಿನವರೆಲ್ಲ ಬಿಳಿಯರು, ಕೈದಿಗಳೆಲ್ಲ ಕಪ್ಪು ಜನ, ಭಾರತೀಯರು, ಮತ್ತು ಸರ್ಕಾರ 'ಕಲರ್ಡ್' ಅಂತ ಪಟ್ಟಿ ಮಾಡಿದ್ದ ಮಿಶ್ರ ಮೂಲದವರು.

ಇನ್ನು ಊಟ. ಭಾರತೀಯರಿಗೆ ಮತ್ತು ಕಲರ್ಡ್ ಕೈದಿಗಳಿಗೆ ಒಂದು ಪಟ್ಟಿ, ಆಫ್ರಿಕನ್ನರಿಗೆ ಇನ್ನೊಂದು. ಭಾರತೀಯರಿಗೆ ಬ್ರೆಡ್ ಸಿಗುತ್ತಿತ್ತು, ಆಫ್ರಿಕನ್ನರಿಗೆ ಇಲ್ಲ. ಅವರಿಗೆ ಮೂರು ಹೊತ್ತೂ ಜೋಳವೇ: ಗಂಜಿ, ಬೇಯಿಸಿದ ಕಾಳು, ಮತ್ತೆ ಗಂಜಿ. ನಮ್ಮ ಜೋಳ ಅಲ್ಲ, ಮೆಕ್ಕೆಜೋಳ. ಈ ಭೇದ ಹೋಗಿ ಎಲ್ಲರಿಗೂ ಒಂದೇ ಊಟ ಬಂದದ್ದು 1979ರಲ್ಲಿ.

ಬಟ್ಟೆಯಂತೂ ಇನ್ನೂ ನೋವಿನ ವಿಷಯ. ಮಂಡೇಲಾ ಜೊತೆಗೆ ಬಂದ ಅಹಮದ್ ಕತ್ರಾಡಾ ಗುಜರಾತಿ ಮೂಲದವರು. ಅವರಿಗೆ ಉದ್ದ ಪ್ಯಾಂಟು ಕೊಟ್ಟರು. ಅವರಿಗಿಂತ ಹಿರಿಯರಾದ ಮಂಡೇಲಾ, ಜೊತೆಗೇ ಶಿಕ್ಷೆಯಾದ ವಾಲ್ಟರ್ ಸಿಸುಲು, ಗೋವನ್ ಎಂಬೆಕಿ ಇವರಿಗೆ ಚಡ್ಡಿ. ಎಂಬೆಕಿಗೆ ಆಗ 50 ದಾಟಿತ್ತು. ಆಫ್ರಿಕನ್ ಗಂಡಸು ಎಷ್ಟೇ ದೊಡ್ಡವನಾದರೂ 'ಹುಡುಗ' ಅನ್ನುವುದನ್ನು ದಿನಾ ನೆನಪಿಸಲು ಆ ಚಡ್ಡಿ. ಮಂಡೇಲಾ ಇದನ್ನು ಪ್ರತಿಭಟಿಸಿದಾಗ ಅವರೊಬ್ಬರಿಗೆ ಮಾತ್ರ ಉದ್ದ ಪ್ಯಾಂಟು ತಂದಿಟ್ಟರು. ಕೊಟ್ಟರೆ ಎಲ್ಲರಿಗೂ ಕೊಡಿ ಅಂದರು ಮಂಡೇಲಾ. ಆ ಪ್ಯಾಂಟು ವಾಪಸ್ ಹೋಯಿತು.

ನಾಟಕದವರಿಗೆ ಇಲ್ಲೊಂದು ವಿಷಯ ಥಟ್ಟನೆ ಹೊಳೆಯುತ್ತದೆ. ಸರ್ಕಾರ ಅವರಿಗೆ ಒಂದು ವೇಷ ತೊಡಿಸಿ, ಇಷ್ಟೇ ನಿನ್ನ ಪಾತ್ರ ಅಂತ ಹೇಳಿತ್ತು. ನಾಟಕ ಆಡಿದ ಹೊತ್ತಿನಲ್ಲಿ ಅವರು ತಮ್ಮ ಪಾತ್ರವನ್ನು ತಾವೇ ಆರಿಸಿಕೊಂಡರು.

ಅವರು ಆಡಿದ ನಾಟಕದ ಕಥೆ ಏನು?

ಸೋಫೋಕ್ಲಿಸ್ ಬರೆದ 'ಅಂತಿಗೊನೆ'. ಥೀಬ್ಸ್ ಪಟ್ಟಣದ ಗದ್ದುಗೆಗಾಗಿ ಅಣ್ಣತಮ್ಮಂದಿರಿಬ್ಬರು ಹೊಡೆದಾಡಿ ಇಬ್ಬರೂ ಸಾಯುತ್ತಾರೆ. ಹೊಸದಾಗಿ ಪಟ್ಟಕ್ಕೆ ಬಂದ ಕ್ರೆಯಾನ್ ಒಬ್ಬನಿಗೆ ಗೌರವದ ಅಂತ್ಯಸಂಸ್ಕಾರ ಮಾಡಿಸುತ್ತಾನೆ. ಇನ್ನೊಬ್ಬ ದ್ರೋಹಿ, ಅವನ ಹೆಣ ನಾಯಿ ಹದ್ದುಗಳಿಗೆ ಬಿಡಿ, ಮಣ್ಣು ಹಾಕಿದವರಿಗೆ ಮರಣದಂಡನೆ ಅನ್ನುತ್ತಾನೆ. ತಂಗಿ ಅಂತಿಗೊನೆ ಹೋಗಿ ಮಣ್ಣು ಹಾಕುತ್ತಾಳೆ. ಸಿಕ್ಕಿಬೀಳುತ್ತಾಳೆ. ಹೌದು, ಮಾಡಿದ್ದು ನಾನೇ, ನಿನ್ನ ಕಾನೂನಿಗಿಂತ ದೊಡ್ಡ ಕಾನೂನು ಇದೆ ಅನ್ನುತ್ತಾಳೆ. ಅವಳನ್ನು ಜೀವಂತವಾಗಿ ಗವಿಯಲ್ಲಿ ಮುಚ್ಚಲು ಕ್ರೆಯಾನ್ ಆಜ್ಞೆ ಮಾಡುತ್ತಾನೆ. ಅವಳನ್ನು ಮದುವೆಯಾಗಬೇಕಿದ್ದ ಅವನ ಮಗ ಹೈಮನ್ ಬೇಡ ಅಂತ ಎಷ್ಟು ಹೇಳಿದರೂ ಕೇಳುವುದಿಲ್ಲ. ಕೊನೆಗೆ ಅಂತಿಗೊನೆ, ಮಗ, ಹೆಂಡತಿ ಮೂವರೂ ಸತ್ತು ಕ್ರೆಯಾನ್ ಒಬ್ಬನೇ ಉಳಿಯುತ್ತಾನೆ.

ಅಷ್ಟೊಂದು ನಾಟಕ ಇರುವಾಗ ಅದೇ ಯಾಕೆ?

ಈ ಪ್ರಶ್ನೆಗೆ ಸಾಮಾನ್ಯವಾಗಿ ಬರುವ ಉತ್ತರ, ಅದು ಅನ್ಯಾಯದ ಕಾನೂನನ್ನು ಮುರಿಯುವ ಕಥೆ ಅನ್ನುವುದು. ಅದು ಸರಿಯೇ. ಮಂಡೇಲಾ ಕೂಡ ತಮ್ಮ ಆತ್ಮಕಥೆಯಲ್ಲಿ, ಅಂತಿಗೊನೆ ನಮ್ಮ ಹೋರಾಟದ ಸಂಕೇತವಾಗಿದ್ದಳು, ಅವಳೂ ಒಂದು ಬಗೆಯ ಸ್ವಾತಂತ್ರ್ಯ ಹೋರಾಟಗಾರ್ತಿಯೇ ಎಂಬ ಅರ್ಥದ ಮಾತು ಬರೆದಿದ್ದಾರೆ. ಆದರೆ ನನಗೆ ಅಷ್ಟಕ್ಕೇ ನಿಲ್ಲಲು ಮನಸ್ಸು ಬರುವುದಿಲ್ಲ. ಆ ಕಥೆಯ ಒಳಗಿರುವ ಹೆಣವನ್ನು ನಾವು ಬೇಗ ಮರೆತುಬಿಡುತ್ತೇವೆ.

ಪೋರ್ಟ್ ಎಲಿಜಬೆತ್ ಊರಿನ ವುಯಿಸಿಲೆ ಮಿನಿ ಕಾರ್ಮಿಕ ನಾಯಕ, ಹಾಡುಗಾರ, ಹಾಡು ಕಟ್ಟುವವರು. ಅವರನ್ನೂ ಇಬ್ಬರು ಸಂಗಾತಿಗಳನ್ನೂ 1964ರ ನವೆಂಬರ್ 6ರಂದು ಪ್ರಿಟೋರಿಯಾದಲ್ಲಿ ಗಲ್ಲಿಗೇರಿಸಿದರು. ಮಿನಿ ಹಾಡುತ್ತಲೇ ಗಲ್ಲಿಗೆ ನಡೆದರು. ದೇಹವನ್ನು ಮನೆಯವರಿಗೆ ಕೊಡಲಿಲ್ಲ. ಗುಟ್ಟಾಗಿ ಅನಾಥ ಹೆಣಗಳ ಜೊತೆ ಹೂತರು. ವರ್ಣಭೇದ ಸರ್ಕಾರ ನೇಣಿಗೇರಿಸಿದ ಎಷ್ಟೋ ರಾಜಕೀಯ ಕೈದಿಗಳ ದೇಹಕ್ಕೆ ಹೀಗೇ ಆಯಿತು. ಮಿನಿಯ ಅವಶೇಷ ಅಗೆದು ತೆಗೆದು ಅವರ ಊರಿನಲ್ಲಿ ಮರ್ಯಾದೆಯಿಂದ ಮಣ್ಣು ಮಾಡಲು 1998ರವರೆಗೆ ಕಾಯಬೇಕಾಯಿತು.

ಮಂಡೇಲಾ ವಿಷಯ ನೋಡಿ. 1968ರಲ್ಲಿ ತಾಯಿ ತೀರಿಕೊಂಡರು. ಒಬ್ಬನೇ ಗಂಡುಮಗ, ಮಣ್ಣು ಮಾಡಲು ಬಿಡಿ ಅಂತ ಕೇಳಿಕೊಂಡರು. ಬಿಡಲಿಲ್ಲ. ಮರುವರ್ಷ ದೊಡ್ಡ ಮಗ ಥೆಂಬಿ ಕಾರು ಅಪಘಾತದಲ್ಲಿ ಸತ್ತ. ಆಗಲೂ ಬಿಡಲಿಲ್ಲ. ಸುದ್ದಿ ಬಂದ ರಾತ್ರಿ ಗೆಳೆಯ ವಾಲ್ಟರ್ ಸಿಸುಲು ಅವರ ಕೋಣೆಗೆ ಬಂದು, ಕೈ ಹಿಡಿದುಕೊಂಡು, ಮಾತಿಲ್ಲದೆ ಪಕ್ಕದಲ್ಲಿ ಕೂತಿದ್ದರು.

ಇಂಥವರ ನಡುವೆ ನಿಂತು ಒಬ್ಬ ನಟ, ಅಣ್ಣನಿಗೆ ಒಂದು ಹಿಡಿ ಮಣ್ಣು ಹಾಕಿದೆ, ಅದೇ ನನ್ನ ತಪ್ಪು ಅಂದರೆ ಆ ಮಾತು ಯಾರಿಗೂ ಹಳೆಯ ಗ್ರೀಸಿನದು ಅಂತ ಅನ್ನಿಸಿರಲಾರದು.

ಆ ನಾಟಕ ದ್ವೀಪಕ್ಕೆ ತಲುಪಿದ್ದು ಹೇಗೆ?

ಒಂದು ದಾರಿ, ಪುಸ್ತಕ. ಕೈದಿಗಳು ಓದುವ ಅವಕಾಶಕ್ಕಾಗಿ ಜಗಳವಾಡಿ ಗೆದ್ದಿದ್ದರು, ಅಂಚೆ ಮೂಲಕ ಪದವಿ ಓದುತ್ತಿದ್ದರು.

ಇನ್ನೊಂದು ದಾರಿ, ನಟನ ನೆನಪು. ಅದೇ ಪೋರ್ಟ್ ಎಲಿಜಬೆತ್ ಊರಿನ ಹೊರವಲಯದಲ್ಲಿ ನ್ಯೂ ಬ್ರೈಟನ್ ಅನ್ನುವ ಕಪ್ಪು ಜನರ ಬಡಾವಣೆ. ಅಲ್ಲಿನ ಹವ್ಯಾಸಿ ಕಲಾವಿದರು 1963ರಲ್ಲಿ ಅಥೊಲ್ ಫ್ಯೂಗಾರ್ಡ್ ಅನ್ನುವ ಬಿಳಿಯ ನಾಟಕಕಾರರ ಹತ್ತಿರ ಹೋಗಿ, ನಮ್ಮ ಜೊತೆ ಕೆಲಸ ಮಾಡಿ ಎಂದರು. ಮೊದಲ ಪ್ರದರ್ಶನ ಊರಿನ ಮ್ಯೂಸಿಯಂನಲ್ಲಿ, ಹಿಂದೆ ಹಾವುಗಳನ್ನು ಇಡುತ್ತಿದ್ದ ಗುಂಡಿಯಲ್ಲಿ. ಅದಕ್ಕೇ ತಂಡಕ್ಕೆ ಸರ್ಪೆಂಟ್ ಪ್ಲೇಯರ್ಸ್ ಎಂಬ ಹೆಸರು. ಹಗಲು ಕಾರ್ಖಾನೆ ಕೆಲಸ, ಮನೆಗೆಲಸ, ಸಂಜೆ ತಾಲೀಮು. ಪೊಲೀಸರ ಕಣ್ಣು ಯಾವಾಗಲೂ ಮೇಲೆಯೇ.

1965ರಲ್ಲಿ ಈ ತಂಡ 'ಅಂತಿಗೊನೆ' ಕೈಗೆತ್ತಿಕೊಂಡಿತು. ವುಯಿಸಿಲೆ ಮಿನಿಯನ್ನು ನೇಣಿಗೇರಿಸಿ ಆಗಿನ್ನೂ ಹೆಚ್ಚು ದಿನ ಆಗಿರಲಿಲ್ಲ ಅನ್ನುವುದನ್ನು ಮರೆಯಬೇಡಿ. ನಾಟಕ ಇನ್ನೇನು ಶುರುವಾಗಬೇಕು ಅನ್ನುವಾಗ ಹೈಮನ್ ಪಾತ್ರಧಾರಿಯನ್ನು ಪೊಲೀಸರು ಎಳೆದೊಯ್ದರು. ಅವನು ರಾಬೆನ್ ದ್ವೀಪ ಸೇರಿದ. ತಂಡದ ಇನ್ನೂ ಕೆಲವರಿಗೆ ಅದೇ ಗತಿಯಾಯಿತು. ಆದರೆ ತಾಲೀಮಿನಲ್ಲಿ ಬಾಯಿಪಾಠವಾದ ಮಾತುಗಳು ಅವರ ಜೊತೆಗೇ ಹೋಗಿದ್ದವು, ಅದನ್ನು ಜೈಲಿನ ಬಾಗಿಲಲ್ಲಿ ತಪಾಸಣೆ ಮಾಡಿ ಕಿತ್ತುಕೊಳ್ಳಲು ಯಾರಿಂದಲೂ ಆಗಲಿಲ್ಲ. ದ್ವೀಪದಲ್ಲಿ ಕೈದಿಗಳ ಮನರಂಜನೆ ಕಾರ್ಯಕ್ರಮ ಬಂದಾಗ, ನೆನಪಿದ್ದಷ್ಟನ್ನು ಜೋಡಿಸಿ, ಎರಡೇ ಪಾತ್ರಕ್ಕೆ ಇಳಿಸಿ, ಅಂತಿಗೊನೆಯ ವಿಚಾರಣೆಯ ಭಾಗವನ್ನು ಆಡಿದರು.

ಮಂಡೇಲಾ ನಿಜವಾಗಿ ನಾಟಕ ಆಡಿದ್ರಾ? ಯಾವ ಪಾತ್ರ?

ಆಡಿದರು. ಜನ ಅಂದುಕೊಳ್ಳುವ ಪಾತ್ರ ಅಲ್ಲ. ಅವರು ಮಾಡಿದ್ದು ಕ್ರೆಯಾನ್.

ಇದು ಸರ್ಪೆಂಟ್ ಪ್ಲೇಯರ್ಸ್ ಕಲಾವಿದರ ಪ್ರಯೋಗ ಅಲ್ಲ, ಬೇರೆ. ಮಂಡೇಲಾ ಮತ್ತು ಇತರ ನಾಯಕರನ್ನು ಬಿ ಸೆಕ್ಷನ್ ಅನ್ನುವ ಒಂಟಿ ಕೋಣೆಗಳ ವಿಭಾಗದಲ್ಲಿ ಇಟ್ಟಿದ್ದರು. ದೊಡ್ಡ ಹಾಲ್‌ಗಳಲ್ಲಿದ್ದ ಉಳಿದ ಕೈದಿಗಳ ಜೊತೆ ಮಾತಾಡುವಂತಿರಲಿಲ್ಲ. ಬಿ ಸೆಕ್ಷನ್‌ನವರೂ ತಮ್ಮದೇ ನಾಟಕ ಕೂಟ ಮಾಡಿಕೊಂಡಿದ್ದರು, ಕ್ರಿಸ್‌ಮಸ್ ಹೊತ್ತಿಗೆ ವರ್ಷಕ್ಕೊಂದು ನಾಟಕ. ಮಂಡೇಲಾಗೆ ಬಣ್ಣದ ನಂಟು ಹೊಸದೇನಲ್ಲ. ಫೋರ್ಟ್ ಹೇರ್ ಕಾಲೇಜಿನಲ್ಲಿ ಓದುವಾಗ ಅಬ್ರಹಾಂ ಲಿಂಕನ್ ಕುರಿತ ನಾಟಕದಲ್ಲಿ ಲಿಂಕನ್ನರನ್ನು ಕೊಂದ ಜಾನ್ ವಿಲ್ಕ್ಸ್ ಬೂತ್ ಪಾತ್ರ ಮಾಡಿದ್ದರು.

ಕ್ರೆಯಾನ್ ಬಗ್ಗೆ ಅವರು ಬರೆದಿರುವುದನ್ನು ಗಮನವಿಟ್ಟು ಓದಬೇಕು. ಶುರುವಿನಲ್ಲಿ ಕ್ರೆಯಾನ್ ಪ್ರಾಮಾಣಿಕ, ದೇಶದ ಮೇಲೆ ಪ್ರೀತಿ ಇರುವವನು, ಅವನ ಮೊದಲ ಮಾತುಗಳಲ್ಲಿ ವಿವೇಕವಿದೆ ಎನ್ನುತ್ತಾರೆ. ಆಳುವವನನ್ನು ಅಧಿಕಾರ ಕೊಟ್ಟು ನೋಡಿದ ಮೇಲೆಯೇ ತಿಳಿಯಬೇಕು ಅನ್ನುವ ಮಾತು ನಾಟಕದಲ್ಲಿ ಅವನದೇ. ಆಮೇಲೆ ಅವನು ಯಾರ ಮಾತನ್ನೂ ಕೇಳದೆ, ತನ್ನೊಳಗೆ ಏಳುವ ಅನುಮಾನವನ್ನೂ ಕೇಳದೆ ಹಾಳಾಗುತ್ತಾನೆ. ಕೈದಿಯಾಗಿದ್ದವರೊಬ್ಬರು ತಮ್ಮನ್ನು ಕೂಡಿಹಾಕಿದ ಆಡಳಿತದ ಜಾಗದಲ್ಲಿ ನಿಂತು, ಅದರ ಮಾತುಗಳನ್ನು ತಮ್ಮ ಬಾಯಲ್ಲಿ ಆಡಿ, ಅದು ಎಲ್ಲಿ ದಾರಿ ತಪ್ಪುತ್ತದೆ ಅಂತ ಒಳಗಿನಿಂದ ನೋಡಿದ್ದಾರೆ. ಮುಂದೆ 1994ರಲ್ಲಿ ಅವರೇ ದೇಶದ ಅಧ್ಯಕ್ಷರಾದರು, ಐದೇ ವರ್ಷಕ್ಕೆ ತಾವಾಗಿಯೇ ಕುರ್ಚಿ ಬಿಟ್ಟರು. ಒಂದು ಪಾತ್ರ ಮಾಡಿದ್ದಕ್ಕೇ ಹೀಗಾಯಿತು ಅಂತ ನಾನು ಹೇಳುತ್ತಿಲ್ಲ. ಆದರೆ ನಾಟಕದ ಕಥೆ ಹೇಳುವಾಗ ಇದನ್ನು ಬಿಟ್ಟು ಹೇಳಲು ನನಗೆ ಆಗುವುದಿಲ್ಲ.

ವೇಷ, ರಂಗಸಜ್ಜಿಕೆ, ಬೆಳಕು?

ಏನೂ ಇಲ್ಲ. ರಂಗ ಇಲ್ಲ, ಪರದೆ ಇಲ್ಲ, ವೇಷ ಇಲ್ಲ, ನಮ್ಮ ಹತ್ತಿರ ಇದ್ದದ್ದು ನಾಟಕದ ಮಾತು ಒಂದೇ ಎಂದು ಮಂಡೇಲಾ ಬರೆದಿದ್ದಾರೆ.

ಹೆಣ್ಣು ಪಾತ್ರ ಯಾರು ಮಾಡಿದರು?

ಗಂಡಸರೇ. ಆ ಜೈಲಿನಲ್ಲಿ ಇದ್ದದ್ದು ಗಂಡಸರು ಮಾತ್ರ. ಕಂಪನಿ ನಾಟಕ, ಯಕ್ಷಗಾನದ ಸ್ತ್ರೀವೇಷ ನೋಡಿ ಬೆಳೆದ ನಮಗೆ ಇದರಲ್ಲಿ ವಿಶೇಷ ಕಾಣುವುದಿಲ್ಲ. ಆದರೆ ಜೈಲಿನಲ್ಲಿ ಅದು ಅಷ್ಟು ಸಲೀಸಲ್ಲ. ದಿನವಿಡೀ 'ಹುಡುಗ' ಅನ್ನಿಸಿಕೊಂಡು ಗಂಡಸುತನವನ್ನೇ ಕಸಿದುಕೊಂಡ ಜಾಗದಲ್ಲಿ, ಎಲ್ಲರ ಮುಂದೆ ಹೆಣ್ಣಿನ ವೇಷ ಹಾಕು ಅಂದರೆ ಮನಸ್ಸು ಎಷ್ಟು ಹಿಂಜರಿಯಬಹುದು. ಮುಂದೆ ಹೇಳುವ ನಾಟಕದ ಜೀವವೇ ಈ ಹಿಂಜರಿಕೆ.

'ದಿ ಐಲ್ಯಾಂಡ್' ಅಂದ್ರೆ ಯಾವುದು? ಅದೂ ಇದೂ ಒಂದೇನಾ?

ಒಂದೇ ಅಲ್ಲ. ಜೈಲಿನಲ್ಲಿ ನಡೆದ ಪ್ರಯೋಗದ ಸುದ್ದಿ ಬಿಡುಗಡೆಯಾದವರ ಮೂಲಕ ಹೊರಬಂತು. ಅದನ್ನಿಟ್ಟುಕೊಂಡು ಸರ್ಪೆಂಟ್ ಪ್ಲೇಯರ್ಸ್ ತಂಡದ ಜಾನ್ ಕಾನಿ, ವಿನ್‌ಸ್ಟನ್ ಎನ್‌ಶೋನಾ ಮತ್ತು ಫ್ಯೂಗಾರ್ಡ್ ಮೂವರೂ ಸೇರಿ ಕಟ್ಟಿದ ಹೊಸ ನಾಟಕ 'ದಿ ಐಲ್ಯಾಂಡ್'. ಮೊದಲ ಪ್ರದರ್ಶನ 1973ರ ಜುಲೈ 2, ಕೇಪ್‌ಟೌನಿನ ಸ್ಪೇಸ್ ಥಿಯೇಟರ್. ಆಗ ಅದರ ಹೆಸರು ಬೇರೆ ಇತ್ತು. ಜೈಲಿನ ಸ್ಥಿತಿಗತಿ ಬಗ್ಗೆ ಬರೆಯುವುದು, ಮಾತಾಡುವುದು ಅಪರಾಧ ಎಂದು ಕಾನೂನಿದ್ದ ಕಾಲ ಅದು. ಹಾಗಾಗಿ ಹೆಸರಿನಲ್ಲಿ ದ್ವೀಪದ ಸುಳಿವೇ ಇರಲಿಲ್ಲ, ಮಾತುಗಳನ್ನು ಕಾಗದದ ಮೇಲೆ ಬರೆದಿಡಲೂ ಇಲ್ಲ.

ನಾಟಕ ಶುರುವಾಗುವುದು ಮಾತಿಲ್ಲದೆ. ಜಾನ್ ಮತ್ತು ವಿನ್‌ಸ್ಟನ್ ಅನ್ನುವ ಇಬ್ಬರು ಕೈದಿಗಳು (ಆಡಿದವರು ಕಾನಿ ಮತ್ತು ಎನ್‌ಶೋನಾ, ಪಾತ್ರಗಳಿಗೂ ಅವರದೇ ಹೆಸರು) ಸಮುದ್ರದ ದಂಡೆಯಲ್ಲಿ ಮರಳು ಅಗೆಯುತ್ತಾರೆ. ಒಬ್ಬ ಅಗೆದು ತಳ್ಳುಗಾಡಿಗೆ ತುಂಬಿ, ತಳ್ಳಿಕೊಂಡು ಹೋಗಿ, ಇನ್ನೊಬ್ಬ ಅಗೆಯುತ್ತಿರುವ ಗುಂಡಿಗೆ ಸುರಿಯುತ್ತಾನೆ. ಆ ಇನ್ನೊಬ್ಬನೂ ಹಾಗೇ ಇವನ ಗುಂಡಿಗೆ ತಂದು ಸುರಿಯುತ್ತಾನೆ. ಗುಂಡಿ ಆಳವಾಗುವುದೂ ಇಲ್ಲ, ಕೆಲಸ ಮುಗಿಯುವುದೂ ಇಲ್ಲ. ನೋಡುವವರಿಗೇ ಸಾಕು ಅನ್ನಿಸುವಷ್ಟು ಹೊತ್ತು ಇದು ನಡೆಯುತ್ತದೆ. ಸಂಜೆ ಕೋಣೆಗೆ ಬಂದ ಮೇಲೆ ಒಬ್ಬರ ಗಾಯವನ್ನು ಒಬ್ಬರು ತೊಳೆಯುತ್ತಾರೆ. ಖಾಲಿ ಲೋಟವನ್ನು ಕಿವಿಗಿಟ್ಟುಕೊಂಡು ಊರಿನ ಗೆಳೆಯನಿಗೆ ಫೋನ್ ಮಾಡಿದ ಹಾಗೆ ಮಾತಾಡುತ್ತಾರೆ, ನಗುತ್ತಾರೆ, ಹೆಂಡತಿ ಮಕ್ಕಳ ಸುದ್ದಿ ಕೇಳುವಾಗ ದನಿ ಇಳಿಯುತ್ತದೆ. ಜೈಲಿನ ಕಾರ್ಯಕ್ರಮಕ್ಕೆ 'ಅಂತಿಗೊನೆ' ಆಡಬೇಕು ಅನ್ನುವುದು ಜಾನ್‌ನ ಹಟ. ಅವನು ಮೊಳೆಗಳನ್ನು ದಾರಕ್ಕೆ ಪೋಣಿಸಿ ಸರ ಮಾಡುತ್ತಾನೆ, ಹಗ್ಗ ಬಿಚ್ಚಿ ಕೂದಲು ಮಾಡುತ್ತಾನೆ. ವಿನ್‌ಸ್ಟನ್ ಅದನ್ನೆಲ್ಲ ಹಾಕಿಕೊಂಡು ನಿಂತಾಗ ಜಾನ್ ಬಿದ್ದು ಬಿದ್ದು ನಗುತ್ತಾನೆ. ವಿನ್‌ಸ್ಟನ್ ಕಿತ್ತೆಸೆದು, ನಾನು ಮಾಡಲ್ಲ ಅನ್ನುತ್ತಾನೆ. ಆಗ ಜಾನ್ ತಾನೇ ಆ ವೇಷ ಹಾಕಿಕೊಂಡು ನಿಂತು ಅವನಿಗೆ ತಿಳಿಹೇಳುತ್ತಾನೆ: ಈಗ ನಗುವವರು ಆಮೇಲೆ ನಗು ನಿಲ್ಲಿಸಿ ಕೇಳಿಸಿಕೊಳ್ಳುತ್ತಾರೆ.

ಅಷ್ಟರಲ್ಲಿ ಜಾನ್‌ಗೆ ಸುದ್ದಿ ಬರುತ್ತದೆ. ಮೇಲ್ಮನವಿಯಲ್ಲಿ ಅವನ ಹತ್ತು ವರ್ಷ ಮೂರಕ್ಕೆ ಇಳಿದಿದೆ, ಇನ್ನು ಮೂರೇ ತಿಂಗಳು. ವಿನ್‌ಸ್ಟನ್‌ಗೆ ಜೀವಾವಧಿ. ಗೆಳೆಯನ ಬಿಡುಗಡೆಗೆ ಸಂತೋಷಪಡುತ್ತಲೇ ಅವನು ಒಳಗೊಳಗೇ ಕುಸಿಯುತ್ತಾನೆ. ಕಲ್ಲು ಒಡೆಯುತ್ತಾ ಒಡೆಯುತ್ತಾ ತಾನೂ ಕಲ್ಲಾಗಿ ಹೋದ ಮುದುಕ ಹ್ಯಾರಿಯ ಮಾತು ತೆಗೆಯುತ್ತಾನೆ, ನಾನೂ ಹಾಗೇ ಆಗುತ್ತೇನೆ ಅನ್ನುವ ಭಯ. ನಾಟಕದಲ್ಲಿ ನನ್ನನ್ನು ತುಂಬಾ ಕಲಕುವ ಭಾಗ ಇದು. ಆ ಭಯವನ್ನು ದಾಟಿಯೇ ಕೊನೆಯ ದೃಶ್ಯದಲ್ಲಿ ವಿನ್‌ಸ್ಟನ್ ಅಂತಿಗೊನೆಯಾಗಿ ನಿಲ್ಲುತ್ತಾನೆ. ಶಿಕ್ಷೆ ಹೇಳಿದ ಮೇಲೆ ಆ ಹಗ್ಗದ ಕೂದಲನ್ನು ಕಿತ್ತು, ತನ್ನ ಸ್ವಂತ ಮುಖದಲ್ಲಿ ಪ್ರೇಕ್ಷಕರ ಕಡೆ ತಿರುಗಿ ಕೊನೆಯ ಮಾತು ಆಡುತ್ತಾನೆ.

ಆ ಇಬ್ಬರು ನಟರಿಗೆ ಮುಂದೆ ಏನಾಯಿತು?

ನಾಟಕ ಲಂಡನ್‌ಗೆ ಹೋಯಿತು, ಅಲ್ಲಿಂದ ನ್ಯೂಯಾರ್ಕ್. 1975ರಲ್ಲಿ ಕಾನಿ ಮತ್ತು ಎನ್‌ಶೋನಾ ಇಬ್ಬರಿಗೂ ಸೇರಿಸಿ ಅತ್ಯುತ್ತಮ ನಟ ಅಂತ ಅಮೆರಿಕದ ರಂಗಭೂಮಿಯ ದೊಡ್ಡ ಗೌರವವಾದ ಟೋನಿ ಪ್ರಶಸ್ತಿ ಬಂತು. ಆದರೆ ಅವರ ದೇಶದಲ್ಲಿ ಕಪ್ಪು ಮನುಷ್ಯನಿಗೆ ನಟ ಅನ್ನುವ ಉದ್ಯೋಗವೇ ಇರಲಿಲ್ಲ. ಕಪ್ಪು ಜನ ಸದಾ ಜೇಬಿನಲ್ಲಿ ಇಟ್ಟುಕೊಳ್ಳಬೇಕಿದ್ದ ಪಾಸ್ ಪುಸ್ತಕದಲ್ಲಿ ಯಾರ ಹತ್ತಿರ ಕೆಲಸ ಅಂತ ನಮೂದಾಗಿರಬೇಕು. ಅದಕ್ಕಾಗಿ ಇಬ್ಬರನ್ನೂ ಫ್ಯೂಗಾರ್ಡ್ ಮನೆಯ ಕೆಲಸದಾಳು ಎಂದು ಬರೆಸಿದ್ದರು. 1976ರಲ್ಲಿ ದಕ್ಷಿಣ ಆಫ್ರಿಕಾದ ಟ್ರಾನ್ಸ್‌ಕೈ ಪ್ರದೇಶದಲ್ಲಿ ಇನ್ನೊಂದು ನಾಟಕ ಆಡಿದಾಗ ಇಬ್ಬರನ್ನೂ ಹಿಡಿದು ಒಳಗೆ ಹಾಕಿದರು. ಬೇರೆ ಬೇರೆ ದೇಶಗಳ ರಂಗಕರ್ಮಿಗಳು ಬೀದಿಗಿಳಿದ ಮೇಲೆ ಬಿಟ್ಟರು.

ಎನ್‌ಶೋನಾ 2018ರಲ್ಲಿ ತೀರಿಕೊಂಡರು, ಫ್ಯೂಗಾರ್ಡ್ 2025ರಲ್ಲಿ. ಜಾನ್ ಕಾನಿ ಅವರನ್ನು ನೀವೂ ನೋಡಿರುತ್ತೀರಿ. 'ಬ್ಲ್ಯಾಕ್ ಪ್ಯಾಂಥರ್' ಸಿನಿಮಾದಲ್ಲಿ ನಾಯಕನ ತಂದೆ, ರಾಜ ಟಿಚಾಕ, ಅವರೇ.

ಜೈಲಿನವರು ನಾಟಕ ಆಡಲು ಬಿಟ್ಟಿದ್ದಾದರೂ ಯಾಕೆ?

ಒಳ್ಳೆಯತನದಿಂದ ಬಿಟ್ಟದ್ದಲ್ಲ. 1960ರ ದಶಕದ ಮೊದಲ ವರ್ಷಗಳು ಬರೀ ಹೊಡೆತ, ಕಲ್ಲು ಒಡೆಯುವುದು, ಸುಣ್ಣದ ಕಲ್ಲಿನ ಗಣಿಯ ಬಿಸಿಲು. ಆ ಬಿಳಿ ಕಲ್ಲಿನ ಝಳಕ್ಕೆ ಮಂಡೇಲಾ ಸೇರಿ ಹಲವರ ಕಣ್ಣು ಹಾಳಾಯಿತು. ಕೆಳಗಿನ ದರ್ಜೆಯ ಕೈದಿಗೆ ಆರು ತಿಂಗಳಿಗೆ ಒಂದೇ ಕಾಗದ. ಕೈದಿಗಳು ಉಪವಾಸ ಮುಷ್ಕರ ಹೂಡಿದರು, ರೆಡ್ ಕ್ರಾಸ್‌ನವರು ಬಂದಾಗಲೆಲ್ಲ ದೂರು ಕೊಟ್ಟರು, ಸಂಸದೆ ಹೆಲೆನ್ ಸುಜ್ಮನ್ ಖುದ್ದಾಗಿ ಬಂದು ನೋಡಿ ಸಂಸತ್ತಿನಲ್ಲಿ ಮಾತಾಡಿದರು. ಓದು, ಆಟ, ಹಾಡು, ನಾಟಕ ಎಲ್ಲವೂ ಹೀಗೆ ಒಂದೊಂದಾಗಿ ಪಡೆದದ್ದು. ಫುಟ್‌ಬಾಲ್‌ಗೆ ಅವರು ಕಟ್ಟಿಕೊಂಡ ಮಕಾನಾ ಸಂಘಕ್ಕೆ 2007ರಲ್ಲಿ ಫಿಫಾ ಗೌರವ ಸದಸ್ಯತ್ವ ಕೊಟ್ಟಿತು.

ದೀಪಾವಳಿ ಕಾರ್ಡ್ ಅಂಟಿಸಿದ ಷೇಕ್ಸ್‌ಪಿಯರ್ ಪುಸ್ತಕದ ಕಥೆ ನಿಜವಾ?

ನಿಜ. ಸನ್ನಿ ವೆಂಕಟರತ್ನಂ ಅನ್ನುವ ಭಾರತೀಯ ಮೂಲದ ಕೈದಿ ಷೇಕ್ಸ್‌ಪಿಯರ್‌ನ ಎಲ್ಲಾ ನಾಟಕಗಳಿರುವ ಒಂದು ದಪ್ಪ ಪುಸ್ತಕ ಇಟ್ಟುಕೊಂಡಿದ್ದರು. ಕಾವಲಿನವರು ಕಿತ್ತುಕೊಳ್ಳಬಾರದು ಅಂತ ಮನೆಯಿಂದ ಬಂದ ದೀಪಾವಳಿ ಶುಭಾಶಯ ಪತ್ರಗಳನ್ನು, ದೇವರ ಚಿತ್ರ ಇದ್ದವನ್ನು, ಅದರ ರಟ್ಟಿಗೆ ಅಂಟಿಸಿದರು. ಇದು ನಮ್ಮ ಧರ್ಮಗ್ರಂಥ ಅಂದರು. ಯಾರೂ ಮುಟ್ಟಲಿಲ್ಲ.

ಆ ಪುಸ್ತಕ ಕೋಣೆಯಿಂದ ಕೋಣೆಗೆ ಓಡಾಡಿತು. 30ಕ್ಕೂ ಹೆಚ್ಚು ಕೈದಿಗಳು ತಮಗೆ ಹಿಡಿಸಿದ ಸಾಲಿನ ಪಕ್ಕ ಸಹಿ ಹಾಕಿದರು. ಮಂಡೇಲಾ 1977ರ ಡಿಸೆಂಬರ್ 16ರಂದು ಸಹಿ ಹಾಕಿದ್ದು 'ಜೂಲಿಯಸ್ ಸೀಸರ್' ನಾಟಕದಲ್ಲಿ, ಹೇಡಿಗಳು ಸಾಯುವ ಮೊದಲೇ ಹಲವು ಸಲ ಸಾಯುತ್ತಾರೆ ಅನ್ನುವ ಮಾತಿನ ಪಕ್ಕ. ತಮ್ಮ ಸಶಸ್ತ್ರ ಪಡೆ ಹುಟ್ಟಿದ ದಿನವೇ ಅದು. ಸಿಸುಲು ಆರಿಸಿದ್ದು ಅವಮಾನವನ್ನು ತಾಳ್ಮೆಯಿಂದ ಸಹಿಸಿದೆ ಎನ್ನುವ, 'ಮರ್ಚೆಂಟ್ ಆಫ್ ವೆನಿಸ್' ನಾಟಕದ ಶೈಲಾಕ್‌ನ ಮಾತು. ಬಿಲ್ಲಿ ನಾಯರ್ ಆರಿಸಿದ್ದು, ಈ ದ್ವೀಪ ನನ್ನದು, ನೀನು ಕಿತ್ತುಕೊಂಡೆ ಎನ್ನುವ, 'ಟೆಂಪೆಸ್ಟ್' ನಾಟಕದ ಕ್ಯಾಲಿಬನ್‌ನ ಮಾತು. ಯಾರು ಯಾವ ಸಾಲು ಆರಿಸಿದರು ಅಂತ ನೋಡುತ್ತಾ ಹೋದರೆ ಒಬ್ಬೊಬ್ಬರ ಮನಸ್ಸೂ ಅಲ್ಲೇ ಕಾಣುತ್ತದೆ.

ನಾಟಕದಿಂದ ಕೈದಿಗಳಿಗೆ ನಿಜವಾಗಿ ಭರವಸೆ ಬಂತಾ, ಅಥವಾ ನಾವು ಹೊರಗೆ ಕೂತು ಹಾಗೆ ಅಂದುಕೊಳ್ಳುತ್ತೇವಾ?

ನಾಟಕ ಯಾರ ಶಿಕ್ಷೆಯನ್ನೂ ಒಂದು ದಿನ ಕಡಿಮೆ ಮಾಡಲಿಲ್ಲ. ಮುರಿದುಹೋದವರೂ ಇದ್ದರು, ಅವರನ್ನು ಮರೆತು ಮಾತಾಡುವುದು ತಪ್ಪು. ಆದರೆ ಮಂಡೇಲಾ ಹೇಳುವುದನ್ನು ಕೇಳಿ. ಗ್ರೀಕ್ ನಾಟಕಗಳಿಂದ ತಾವು ಕಲಿತದ್ದು, ಕಷ್ಟವನ್ನು ಎದುರಿಸುವ ರೀತಿಯಲ್ಲೇ ಮನುಷ್ಯನ ಗುಣ ತಿಳಿಯುತ್ತದೆ, ಎಂಥ ಪರೀಕ್ಷೆಯಲ್ಲೂ ಕುಸಿಯದವನೇ ವೀರ ಅನ್ನುವುದನ್ನು ಎಂದು ಅವರು ಬರೆದಿದ್ದಾರೆ. ಹೊರಗಿನವರು ಊಹಿಸಿ ಹೇಳಿದ್ದಲ್ಲ ಅದು, 18 ವರ್ಷ ಅಲ್ಲಿ ಕಳೆದವರ ಮಾತು.

ನನಗೆ ಇನ್ನೊಂದು ಕಾರಣವೂ ಕಾಣುತ್ತದೆ. ತಾಲೀಮು ಅಂದರೆ ನಾಳೆ ಅನ್ನುವುದು ಒಂದು ಇದೆ ಅಂತ ನಂಬುವುದು. ಮುಂದಿನ ವಾರಕ್ಕೆ ಈ ಮಾತು ಬಾಯಿಪಾಠ ಆಗಬೇಕು, ಕ್ರಿಸ್‌ಮಸ್‌ಗೆ ಪ್ರದರ್ಶನ. ಕೊನೆಯ ದಿನಾಂಕವೇ ಇಲ್ಲದ ಶಿಕ್ಷೆಯಲ್ಲಿ ಕಾಯುವುದಕ್ಕೆ ಒಂದು ತಾರೀಕು ಸಿಗುತ್ತದೆ, ಅದೂ ಸರ್ಕಾರ ಕೊಟ್ಟದ್ದಲ್ಲ, ತಾವೇ ಗೊತ್ತುಮಾಡಿಕೊಂಡದ್ದು. ಜೀವಾವಧಿ ಅನುಭವಿಸುವವನಿಗೆ ಅದು ಸಣ್ಣ ವಿಷಯ ಅಲ್ಲ.

ಹೊರಗಿನ ರಂಗಭೂಮಿಯಲ್ಲಿ ಕಪ್ಪು ಬಿಳಿ ಜನ ಒಟ್ಟಿಗೆ ನಾಟಕ ನೋಡಬಹುದಿತ್ತಾ?

ಇಲ್ಲ. 1965ರಲ್ಲಿ ಬಂದ ಸರ್ಕಾರಿ ಆದೇಶದ ಪ್ರಕಾರ ವಿಶೇಷ ಪರವಾನಗಿ ಇಲ್ಲದೆ ಬೇರೆ ಬೇರೆ ಜನಾಂಗದವರು ಒಂದೇ ರಂಗದ ಮೇಲೆ ನಟಿಸುವಂತಿಲ್ಲ, ಒಂದೇ ಸಭೆಯಲ್ಲಿ ಕೂರುವಂತಿಲ್ಲ. ಫ್ಯೂಗಾರ್ಡ್ ಅವರ ಪಾಸ್‌ಪೋರ್ಟನ್ನೂ 1967ರಿಂದ ನಾಲ್ಕು ವರ್ಷ ಕಿತ್ತುಕೊಂಡಿದ್ದರು. ಸ್ಪೇಸ್ ಥಿಯೇಟರ್‌ನಂಥ ಜಾಗಗಳು ಈ ಆದೇಶವನ್ನು ಮೀರಿಯೇ ನಡೆದವು.

ನಮ್ಮ ಕಡೆ ಇದಕ್ಕೆ ಏನಾದರೂ ನಂಟು ಇದೆಯಾ?

ಇದೆ. 'ಅಂತಿಗೊನೆ' ನಾಟಕವನ್ನು ಪಿ. ಲಂಕೇಶ್ ಕನ್ನಡಕ್ಕೆ ತಂದಿದ್ದಾರೆ, 'ದೊರೆ ಈಡಿಪಸ್' ಜೊತೆಗೆ. ಓದಿಲ್ಲದಿದ್ದರೆ ಮೊದಲು ಅದನ್ನು ಓದಿ.

ಜೈಲಿನೊಳಗಿನ ನಾಟಕದ ವಿಷಯಕ್ಕೆ ಬಂದರೆ, ರಂಗಾಯಣದ ಹುಲುಗಪ್ಪ ಕಟ್ಟೀಮನಿ ಅವರು ಕರ್ನಾಟಕದ ಜೈಲುಗಳ ಕೈದಿಗಳಿಂದ ವರ್ಷಗಟ್ಟಲೆ ನಾಟಕ ಆಡಿಸಿದ್ದಾರೆ, ಕೈದಿಗಳನ್ನು ಹೊರಗಿನ ರಂಗಮಂದಿರಗಳಿಗೂ ಕರೆತಂದಿದ್ದಾರೆ. ಅವರು ರಾಜಕೀಯ ಕೈದಿಗಳಲ್ಲ, ಸಂದರ್ಭವೂ ಬೇರೆ, ಅದನ್ನು ಇದರ ಜೊತೆ ಕಲಸಬಾರದು. ತುರ್ತುಪರಿಸ್ಥಿತಿಯಲ್ಲಿ ಬೆಂಗಳೂರು ಸೆಂಟ್ರಲ್ ಜೈಲಿನಲ್ಲಿದ್ದ ರಂಗನಟಿ ಸ್ನೇಹಲತಾ ರೆಡ್ಡಿ ಅವರನ್ನೂ ಇಲ್ಲಿ ನೆನೆಯಬೇಕು. 'ಸಂಸ್ಕಾರ' ಸಿನಿಮಾದ ಚಂದ್ರಿ ಅವರೇ. ಆಸ್ತಮಾದಿಂದ ನರಳುತ್ತಿದ್ದ ಅವರನ್ನು ಬಿಟ್ಟದ್ದು 1977ರ ಜನವರಿಯಲ್ಲಿ, ಬಿಟ್ಟ ಕೆಲವೇ ದಿನಗಳಲ್ಲಿ ತೀರಿಕೊಂಡರು. ವಿಚಿತ್ರ ನೋಡಿ, 'ಸಂಸ್ಕಾರ'ದ ಕಥೆಯೂ ಒಂದು ಹೆಣಕ್ಕೆ ಸಂಸ್ಕಾರ ಮಾಡಬೇಕಾ ಬೇಡವಾ ಅನ್ನುವುದೇ.

ನಮ್ಮ ತಂಡ 'ದಿ ಐಲ್ಯಾಂಡ್' ಆಡಬಹುದಾ? ಏನೇನು ಬೇಕು?

ಇಬ್ಬರು ಗಟ್ಟಿ ನಟರು, ಎರಡು ಕಂಬಳಿ, ಒಂದು ಬಕೆಟ್, ಒಂದು ಲೋಟ. ಖರ್ಚು ಕಡಿಮೆ, ಮೈಗೆ ಕೆಲಸ ಜಾಸ್ತಿ. ಮೂರು ವಿಷಯ ಮಾತ್ರ ಹೇಳುತ್ತೇನೆ. ಮರಳು ಅಗೆಯುವ ಮೊದಲ ದೃಶ್ಯವನ್ನು, ಪ್ರೇಕ್ಷಕರಿಗೆ ಬೋರ್ ಆಗುತ್ತೆ ಅಂತ ಕತ್ತರಿಸಬೇಡಿ. ಆ ಬೇಸರವನ್ನು ಅವರೂ ಉಣ್ಣಬೇಕು, ಮುಂದಿನದೆಲ್ಲ ಅದರ ಮೇಲೆಯೇ ನಿಂತಿದೆ. ಎರಡನೆಯದು, ಆಫ್ರಿಕಾದವರ ಪಾತ್ರ ಅಂತ ದಯವಿಟ್ಟು ನಟರ ಮುಖಕ್ಕೆ ಮಸಿ ಬಳಿಯಬೇಡಿ. ಬಣ್ಣ ನೋಡಿ ಮನುಷ್ಯನನ್ನು ಅಳೆದವರ ವಿರುದ್ಧ ಕಟ್ಟಿದ ನಾಟಕ ಇದು, ನಿಮ್ಮ ನಟರು ತಮ್ಮ ಮುಖದಲ್ಲೇ ನಿಲ್ಲಲಿ. ಮೂರನೆಯದು, ಇದು ಇನ್ನೂ ಹಕ್ಕುಸ್ವಾಮ್ಯ ಇರುವ ನಾಟಕ. ಅನುವಾದ ಮಾಡುವ ಮೊದಲೇ ಹಕ್ಕುದಾರರಿಗೆ ಬರೆದು ಅನುಮತಿ ತಗೊಳ್ಳಿ. ಉತ್ತರ ಬರುವುದು ತಡವಾಗಬಹುದು, ಹಾಗಾಗಿ ಪ್ರದರ್ಶನದ ದಿನ ಗೊತ್ತುಮಾಡುವ ಮೊದಲೇ ಆ ಕೆಲಸ ಮುಗಿಸಿಕೊಳ್ಳಿ.